ರೊಸೀನಾ ಚಿಕ್ಕಮ್ಮನ ಕೈಲಿದ್ದ ಚರ್ಚಿನ ಕೀಲಿಕೈ

ಚರ್ಚು ನೋಡಲು ಬಂದ ಪ್ರವಾಸಿಗರ ಕಣ್ಣೆದುರಲ್ಲೇ ನಾನು ಬೆಂಚಿನಿಂದ ಹಿಂದಕ್ಕೆ ಮಗುಚಿ ಬಿದ್ದೆ. ಜಾರಿದ್ದಲ್ಲ, ತಲೆಸುತ್ತೂ ಅಲ್ಲ. ದಿಬ್ಬ ಹತ್ತಿ ಸುಸ್ತಾಗಿದ್ದವನು ನಡುವಿನ ಬೆಂಚಿನಲ್ಲಿ ಕುಳಿತು ನಿಶ್ಚಿಂತೆಯಿಂದ ಒರಗಿದೆ. ಒರಗಲು ಅಲ್ಲಿ ಏನೂ ಇರಲಿಲ್ಲ. ಟ್ರಾನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಮೂಲದ ಸ್ಯಾಕ್ಸನ್ನರಾದ ನಮ್ಮ ಚರ್ಚುಗಳಲ್ಲಿ ನಡುವಿನ ಬೆಂಚುಗಳು ಹೆಂಗಸರವು. ಅವರ ಬೆನ್ನ ಮೇಲೆ ಇಳಿಬಿಟ್ಟ ಕಸೂತಿ ಪಟ್ಟಿ ಮುದುಡಬಾರದೆಂದು ಅವಕ್ಕೆ ಒರಗುಹಲಗೆ ಇಡುವುದಿಲ್ಲ. ಗೋಡೆ ಪಕ್ಕದ ಗಂಡಸರ ಬೆಂಚುಗಳಿಗೆ ಮಾತ್ರ ಇಡುತ್ತಾರೆ. ಪ್ರವಚನದ ಹೊತ್ತಿಗೆ ನಿದ್ದೆ ಹೋಗುವವರು ನಾವೇ ತಾನೆ. ಹುಟ್ಟಿದಾಗಿನಿಂದ ಆ ಕಡೆಯೇ ಕೂತು ಬಂದ ನನಗೆ, ಬೆನ್ನಿಗೊಂದು ಹಲಗೆಯನ್ನು ದೇವರೇ ಒದಗಿಸುತ್ತಾನೆಂಬ ನಂಬಿಕೆ ಬಂದುಬಿಟ್ಟಿತ್ತು.

ಬಾಗಿಲ ಬಳಿ ನಿಂತಿದ್ದ ರೊಸೀನಾ ಚಿಕ್ಕಮ್ಮ ನನ್ನ ಕಾಲುಗಳು ಮೇಲೆದ್ದದ್ದನ್ನು ನೋಡಿದಳು. ನಗಲಿಲ್ಲ. ನಗುವುದಕ್ಕೂ ತ್ರಾಣ ಬೇಕು.

"ಏಳೋ ಮಿಶಿ," ಎಂದಳು. "ಒಳಗಡೆ ಹೂಳೋದು ಪಾದ್ರಿಗಳನ್ನ ಮಾತ್ರ."

ಚಿಕ್ಕಮ್ಮ ಎಂದರೆ ರಕ್ತಸಂಬಂಧವೇನಲ್ಲ. ನಮ್ಮ ಬೀದಿಯ ಹಿರಿಯ ಹೆಂಗಸರೆಲ್ಲ ನನಗೆ ಚಿಕ್ಕಮ್ಮಂದಿರೇ. ಉಣ್ಣೆ ಗಿರಣಿಯಲ್ಲಿ ಬೆರಳು ಸವೆಯುವಷ್ಟು ದುಡಿದು, ಗಂಡನನ್ನು ಮಣ್ಣು ಮಾಡಿ, ಇನ್ನು ಕಾಲು ಚಾಚೋಣವೆನ್ನುವ ಹೊತ್ತಿಗೆ ಅವಳ ಪಾಲಿಗೆ ಬಂದದ್ದು ಚರ್ಚಿನ ಕೀಲಿಕೈ. ಪದ್ಧತಿಯ ಪ್ರಕಾರ ಅದು ವರ್ಷಕ್ಕೊಂದು ಮನೆಯಂತೆ ಬೀದಿ ಸುತ್ತಬೇಕು. ಬೀದಿಯವರು ಒಬ್ಬೊಬ್ಬರಾಗಿ ಜರ್ಮನಿಗೆ ಹೊರಟುಹೋದರು, ಉಳಿದ ನಾವು ನಾಲ್ಕಾರು ಮಂದಿ ನೆಪ ಹೇಳಿದೆವು. ಸುತ್ತುತ್ತಿದ್ದ ಕೀಲಿಕೈ ಅವಳ ಮನೆಯಲ್ಲೇ ನಿಂತುಬಿಟ್ಟಿತು.

ಕೀಲಿಕೈ ಬೇಕಾದವರು ಅವಳ ಮನೆಗೆ ಹೋಗಬೇಕೆಂದು ಚರ್ಚಿನ ಗೇಟಿನಲ್ಲಿ ಬೋರ್ಡು ಇದೆ. ಸಾರು ಕುದಿಯುವಾಗ, ತಲೆಗೆ ನೀರು ಹಾಕಿಕೊಂಡಾಗ, ಆಗಷ್ಟೇ ಕಣ್ಣು ಹತ್ತಿದಾಗ ಯಾರೋ ಬಾಗಿಲು ಬಡಿಯುತ್ತಾರೆ. ಮೊಳಕೈಯಷ್ಟು ಉದ್ದದ ಆ ಕಬ್ಬಿಣವನ್ನು ಹಿಡಿದು ದಿಬ್ಬ ಹತ್ತುತ್ತಾಳೆ, ಅವರ ಫೋಟೋ ಮುಗಿಯುವ ತನಕ ಬಾಗಿಲಲ್ಲಿ ನಿಲ್ಲುತ್ತಾಳೆ, ಬೀಗ ಹಾಕಿ ಇಳಿಯುತ್ತಾಳೆ. ಅರ್ಧ ದಾರಿಯಲ್ಲಿ ಇನ್ನೊಂದು ಕಾರು ಎದುರಾಗುತ್ತದೆ. ಅವಳ ಮದುವೆಯಾದದ್ದು ಇದೇ ಚರ್ಚಿನಲ್ಲಿ. ಆದರೆ ಕೀಲಿಕೈ ಬಂದ ಮೇಲೆ ಒಂದು ದಿನವೂ ಅದರೊಳಗೆ ಸುಮ್ಮನೆ ಕೂತವಳಲ್ಲ.

ಆ ಚಳಿಗಾಲದಲ್ಲಿ ಅವಳ ಮಂಡಿ ಕೈಕೊಟ್ಟಿತು. ದಿಬ್ಬದ ಸಹವಾಸ ಬೇಡವೆಂದರು ಡಾಕ್ಟರು. ಯಾರೂ ವಹಿಸಿಕೊಳ್ಳದಿದ್ದರೆ ಕೀಲಿಕೈ ಪಟ್ಟಣದ ಚರ್ಚು ಕಚೇರಿಗೆ ಹೋಗುತ್ತದೆ, ಚರ್ಚು ಶಾಶ್ವತವಾಗಿ ಮುಚ್ಚುತ್ತದೆ. ಚಿಕ್ಕಮ್ಮನಿಗೆ ಅದನ್ನು ಕೆಳಗಿಡಬೇಕಿತ್ತು, ಆದರೆ ಬಾಗಿಲು ಮುಚ್ಚಬಾರದಿತ್ತು.

ಉಳಿದ ಬೀದಿಯವರ ವರ್ಷದ ಸಭೆ ಅವಳ ಮನೆಯಲ್ಲೇ ನಡೆಯಿತು. ನಮ್ಮಲ್ಲಿ ಕೀಲಿಕೈಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಮೇಜಿನ ನಡುವೆ ಇಡುತ್ತಾರೆ, ಯಾರು ಮೊದಲು ಮುಟ್ಟುತ್ತಾರೋ ಮುಂದಿನ ಪಾಳಿ ಅವರದು. ಹಾಗಾಗಿ ನಾವೆಲ್ಲ ಮಲಗಿದ ನಾಯಿಯನ್ನು ಬಳಸಿ ನಡೆಯುವವರಂತೆ ಅದರ ಸುತ್ತ ಕೈಯಾಡಿಸಿ ಬ್ರೆಡ್ಡು, ಹಂದಿಕೊಬ್ಬು ತಿಂದೆವು. ಕಸಾಯಿ ಆಂದ್ರೀಸ್ ತನಗೆ ಅಂಗಡಿ ಬಿಟ್ಟು ಕದಲಲಾಗದೆಂದ. ಇನ್ನೊಬ್ಬ ತನ್ನ ಕಣ್ಣು ಮಂಜೆಂದ. ನಾನು ನನ್ನ ಸೊಂಟದ ಚರಿತ್ರೆಯನ್ನು ಬುಡದಿಂದ ಹೇಳಿದೆ. ಚಿಕ್ಕಮ್ಮ ಯಾರನ್ನೂ ಬೇಡಿಕೊಳ್ಳಲಿಲ್ಲ. ಕುಂಟುತ್ತ ಒಳಗೆ ಹೋಗಿ, ಕೋಳಿಸಾರಿನ ದೊಡ್ಡ ಪಾತ್ರೆ ಹಿಡಿದು ಬಂದು ನನ್ನ ಭುಜದ ಬಳಿ ನಿಂತಳು.

"ಮಿಶಿ, ಕೈ ಸುಡ್ತಿದೆ ಕಣೋ. ಅದನ್ನ ಒಂಚೂರು ಆಚೆ ಸರಿಸು, ಪಾತ್ರೆ ಇಡಬೇಕು."

ಸರಿಸಿದೆ.

ಎಲ್ಲರೂ ಬ್ರೆಡ್ಡು ಕೆಳಗಿಟ್ಟು ನನ್ನ ಕೈಯನ್ನೇ ನೋಡಿದರು. ಆಮೇಲೆ ಆಂದ್ರೀಸ್ ಬ್ರಾಂದಿ ಲೋಟವೆತ್ತಿ, ದೇವರು ಈ ಮನುಷ್ಯನ ಸೊಂಟ ಕಾಪಾಡಲಿ ಎಂದು ಹಾರೈಸಿದ. ನಾನು ಪಾತ್ರೆ ಮುಟ್ಟಿ ನೋಡಿದೆ. ಸಾರು ತಣ್ಣಗಿತ್ತು.

ಈಸ್ಟರ್ ಕಳೆದ ಮೇಲೊಂದು ಮಧ್ಯಾಹ್ನ, ಊಟ ಅರ್ಧಕ್ಕೆ ಬಿಟ್ಟು ಹೋಗಿ ಯಾವುದೋ ಕುಟುಂಬಕ್ಕೆ ಚರ್ಚು ತೆರೆದೆ. ಹಿಂದೆಯೇ ಆಂದ್ರೀಸನ ವ್ಯಾನು ಬಂತು. ಅದರಿಂದ ಚಿಕ್ಕಮ್ಮ ಇಳಿದಳು. ಭಾನುವಾರದ ಕೋಟು ತೊಟ್ಟಿದ್ದಳು. ನನ್ನನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ ಕುಳಿತು, ಎರಡೂ ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಆ ಕುಟುಂಬದವರು ಫೋಟೋ ತೆಗೆದು ಸುಸ್ತಾದರು, ನಿಂತು ನಿಂತು ನನ್ನ ಕಾಲುಗಳು ಸೋತವು. ಅವಳು ಮಾತ್ರ ಏಳಲಿಲ್ಲ.

ಕೊನೆಗೆ ಆ ಕುಟುಂಬದ ಯಜಮಾನ ಅವಳ ಬಳಿ ಬಗ್ಗಿ, "ಅಜ್ಜಿ, ಈ ಚರ್ಚಲ್ಲಿ ನೋಡಲೇಬೇಕಾದ್ದು ಏನಿದೆ?" ಎಂದು ಕೇಳಿದ.

"ಗೊತ್ತಿಲ್ಲಪ್ಪ," ಎಂದಳು ಚಿಕ್ಕಮ್ಮ. "ನಾನೂ ನೋಡೋಕೇ ಬಂದಿರೋದು."