ಎರವಲು ಅಜ್ಜಿಮನೆ

ಬೆಳಗೊಳದಲ್ಲಿ ನಮ್ಮ ಅಜ್ಜಿಯ ಮನೆಯೊಂದಿತ್ತು ಎನ್ನುವುದು ನಮ್ಮ ಬಂಧುಗಳಲ್ಲೇ ಈಗ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಸುಡಾನ್ ದೇಶದ ಒಬ್ಬ ಹುಡುಗಿಗೆ ಆ ಮನೆಯ ಮೂಲೆಮೂಲೆಯೂ ಬಾಯಿಪಾಠವಾಗಿತ್ತು. ಅವಳನ್ನು ನೆನೆದಾಗ ನನಗೆ ಆ ಮನೆ, ಆ ಮನೆಯನ್ನು ನೆನೆದಾಗ ಅವಳು. ಎರಡನ್ನೂ ಬೇರೆ ಮಾಡಲು ಈ ವಯಸ್ಸಿನಲ್ಲಿ ನನ್ನಿಂದಾಗುತ್ತಿಲ್ಲ.

ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದ ಮೇಲೆ ಶ್ರೀರಂಗಪಟ್ಟಣದ ಮನೆಯಲ್ಲಿ ಕುಂಡದ ಗಿಡಗಳಿಗೆ ನೀರು ಹಾಕಿಕೊಂಡು, ಪೇಪರಿನ ಕ್ರಾಸ್‌ವರ್ಡ್ ತುಂಬಿಕೊಂಡು ಇದ್ದವಳು ನಾನು. ಪಾಂಡವಪುರದ ಕಡೆಯ ಒಂದು ಖಾಸಗಿ ಕಾಲೇಜಿನವರು ಹುಡುಕಿಕೊಂಡು ಬಂದರು. ಹೊರದೇಶದ ಮಕ್ಕಳು ನರ್ಸಿಂಗ್, ಫಾರ್ಮಸಿ ಓದಲು ಬರುತ್ತಿದ್ದಾರೆ, ಲೆಕ್ಚರ್ ಅರ್ಥವಾಗುವಷ್ಟು, ಉತ್ತರ ಬರೆಯುವಷ್ಟು ಇಂಗ್ಲಿಷ್ ಅವರಿಗಿಲ್ಲ, ತಾವು ಬಂದು ಸಪೋರ್ಟ್ ಕ್ಲಾಸ್ ತೆಗೆದುಕೊಳ್ಳಬೇಕು ಮೇಡಂ ಎಂದರು. ಫ್ರ್ಯಾಂಕ್ಲಿ, ನನಗೂ ಮಾತಾಡಲು ಜನ ಬೇಕಾಗಿತ್ತು. ಆಗಲಿ ಎಂದೆ.

ಅಲ್ಲಿನ ಏರ್ಪಾಡು ಹೀಗೆ. ಬಂದ ಮಕ್ಕಳಿಗೆಲ್ಲ ಮೊದಲು ಪ್ಲೇಸ್‌ಮೆಂಟ್ ಟೆಸ್ಟ್. ಯಾರನ್ನು ಯಾವ ತರಗತಿಯಲ್ಲಿ ಕೂರಿಸಬೇಕೆಂದು ಗೊತ್ತುಮಾಡುವ ಪರೀಕ್ಷೆ ಅದು. ಪಾಸಾದವರು ನೇರ ತಮ್ಮ ಕೋರ್ಸಿಗೆ ಹೋಗುತ್ತಾರೆ. ಉಳಿದವರು ವರ್ಷವಿಡೀ ನನ್ನ ಮುಂದೆ ಕೂತು ಮತ್ತೊಮ್ಮೆ ಬರೆಯಬೇಕು. ಆಗಲೂ ಆಗದಿದ್ದರೆ ಸೀಟು ರದ್ದು. ಸೀಟು ಇಲ್ಲದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಬೇರೆಯವರಿಗೆ ಗಂಟುಮೂಟೆ ಕಟ್ಟಿದರೆ ಹೋಗಲು ಊರಿತ್ತು. ಹಾಗೆ ಬಂದಿದ್ದ ಈ ಸುಡಾನಿನ ಹುಡುಗಿಯ ಊರಿನಲ್ಲಿ ಯುದ್ಧ. ಮನೆಮಂದಿಯಲ್ಲಿ ಉಳಿದವರೆಂದರೆ ಕೈರೋದ ಯಾವುದೋ ಮಹಡಿಯ ಒಂದೇ ಕೋಣೆಯಲ್ಲಿ ಸಂಸಾರ ಸಮೇತ ಇದ್ದ ದೊಡ್ಡಮ್ಮ. ಅಲ್ಲಿ ಮಲಗಲು ಜಾಗವಿಲ್ಲ ಎಂದು ದೊಡ್ಡಮ್ಮನೇ ಹೇಳಿ ಇಲ್ಲಿಗೆ ಕಳಿಸಿದ್ದಳಂತೆ. ನರ್ಸ್ ಆಗಿ ಇಲ್ಲೇ ಎಲ್ಲಾದರೂ ಕೆಲಸ ಹಿಡಿಯುವುದೊಂದೇ ಅವಳ ಮುಂದಿದ್ದ ದಾರಿ.

ಮೊದಲ ಟೆಸ್ಟಿನಲ್ಲಿ ಅವಳು ಪ್ರಶ್ನೆಗಳಿಗೆಲ್ಲ ಚೆನ್ನಾಗಿಯೇ ಉತ್ತರಿಸಿದ್ದಳು. ಪ್ರಬಂಧದ ಹಾಳೆ ಮಾತ್ರ ಖಾಲಿ. ವಿಷಯ, ‘ನನ್ನ ಅಜ್ಜಿಯ ಮನೆ’. ಬೆಂಗಳೂರಿನಿಂದ ಮೊಹರು ಹಾಕಿ ಬರುವ ಪತ್ರಿಕೆಯಲ್ಲಿ ಪ್ರತಿಸಲವೂ ಅದೇ ವಿಷಯ. ಬದಲಾಯಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಎಲ್ಲರಿಗೂ ಒಬ್ಬ ಅಜ್ಜಿ ಇರುತ್ತಾಳೆ, ಸುಲಭವಾದ ಟಾಪಿಕ್ ಎಂದು ನಾನೂ ಅಂದುಕೊಂಡಿದ್ದೆ. ಅವಳ ಹತ್ತಿರ ಪದಗಳಿಲ್ಲ, ಆದ್ದರಿಂದಲೇ ಬರೆದಿಲ್ಲ ಎಂದು ಲೆಕ್ಕ ಹಾಕಿದೆ.

ಹಾಗಾಗಿ ಒಂದು ದಿನ ಬೋರ್ಡಿನ ಮೇಲೆ ನನ್ನ ಅಜ್ಜಿಯ ಮನೆಯನ್ನೇ ಬರೆದೆ, ಮಾದರಿಗೆಂದು. ಬೆಳಗೊಳದ ನಾಲೆಯ ಪಕ್ಕ ಕೆಂಪು ಹೆಂಚಿನ ಮನೆ. ಬೀದಿಯಲ್ಲಿ ಬಾಗಿಲಿಗೆ ಎದುರಾಗಿ ನಿಂತರೆ ಎಡಗಡೆ ಬಾವಿ. ಜಗುಲಿಯ ಮೇಲೆ ಹೂ ಕಟ್ಟುತ್ತಾ ಕೂರುವ ಅಜ್ಜಿ. ಹಿತ್ತಿಲಿನ ಸೀಬೆಮರ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟ ದಿನ ನಾಲೆಯ ಸದ್ದು ಅಡುಗೆಮನೆಯವರೆಗೂ ಕೇಳುತ್ತಿದ್ದದ್ದು. ಬರೆಯುತ್ತಾ ಬರೆಯುತ್ತಾ ಬೋರ್ಡು ತುಂಬಿತು. ಕೊನೆಗೆ, ನೌ ರೈಟ್ ಯುವರ್ಸ್ ಎಂದು ಹೇಳಿ ಸೀಮೆಸುಣ್ಣ ಕೆಳಗಿಟ್ಟೆ. ಎಲ್ಲರೂ ಬರೆದುಕೊಂಡರು. ಅವಳು ಅಕ್ಷರ ಬಿಡದಂತೆ ಬರೆದುಕೊಂಡಳು.

ಅವಳು ಬಾಡಿಗೆಗಿದ್ದದ್ದು ಪಾಂಡವಪುರದಲ್ಲಿ, ಒಕ್ಕಲುತನದ ಮನೆಯೊಂದರ ಮಹಡಿಯ ಕೋಣೆಯಲ್ಲಿ. ಮನೆಯ ಯಜಮಾನಿ ಎಮ್ಮೆ ಸಾಕಿ ಡೈರಿಗೆ ಹಾಲು ಹಾಕುವವಳು. ಮಗಳು ಅಲ್ಲೇ ಡಿಗ್ರಿ ಓದುತ್ತಿದ್ದಳು. ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಆ ಮನೆಯ ಮುಂದೆ ಆಟೊ ನಿಲ್ಲಿಸಿದೆ. ಯಜಮಾನಿ ಹಾಲಿನ ಕ್ಯಾನು ಹಿಡಿದುಕೊಂಡೇ ಎದುರಾದಳು.

‘ಅದೇನ್ ಮಂತ್ರ ಬರ್ಕೊಟ್ಟಿದ್ದೀರಿ ಮೇಡಮ್ಮೋರೇ ಈ ಮಗಿಗೆ? ಒತ್ತಾರೆ ಎದ್ದು ಕೊಟ್ಟಿಗೆ ಮುಂದೆ ನಿಂತ್ಕಂಡು ಗ್ರ್ಯಾಂಡ್‌ಮದರು, ಗ್ರ್ಯಾಂಡ್‌ಮದರು ಅಂತ ಒಂದೇ ಸಮ್ಕೆ ಒದರ್ತಾಳೆ. ನಮ್ಮೆಮ್ಮೆ ಅದ್ನ ಕೇಳಿಸ್ಕಂಡ್ರೇನೇ ಈಗ ಸೊರ ಬುಡೋದು, ಹಾಲು ಇಳ್ಸೋದು.’

‘ಹಾಲು ಜಾಸ್ತಿಯಾಗಿದೆಯಾ ಹಾಗಾದರೆ?’ ಎಂದೆ.

‘ಜಾಸ್ತಿ ಆಗೋದಿರ್ಲಿ, ಇಂಗ್ಲೀಸ್ ಎಮ್ಮೆ ಅಂತ ರೇಟು ಜಾಸ್ತಿ ಮಾಡ್ಬುಡ್ತೀನಿ’ ಎಂದು ನಕ್ಕು, ‘ಲೇ ಮಗ, ನಿಮ್ಮ ಮೇಡಮ್ಮೋರು ಬಂದವ್ರೆ ಬಾರಮ್ಮಿ’ ಎಂದು ಮೇಲಕ್ಕೆ ಕೂಗಿದಳು.

‘ಬತ್ತೀನಿ ಕಣವ್ವ!’ ಎಂದು ಮೇಲಿನಿಂದ ಅಪ್ಪಟ ಮಂಡ್ಯದ ಕನ್ನಡದಲ್ಲಿ ಉತ್ತರ ಬಂತು. ಅವಳು ಗಟ್ಟಿಯಾಗಿ ಓದುತ್ತಿರುವುದು ನಾಲಿಗೆ ತಿರುಗಲಿಕ್ಕೆ ಎಂದುಕೊಂಡು ನಾನೂ ಖುಷಿಪಟ್ಟೆ. ಯಜಮಾನಿಯ ಮಗಳು ಏನು ಹೇಳಿಕೊಟ್ಟಿದ್ದಳೆಂದು ನನಗೆ ತಿಳಿದದ್ದು ಆಮೇಲೆ. ‘ಮೇಡಂ ನೋಟ್ಸು ಎಂಗೈತೋ ಅಂಗೇ ಬರುದ್ಬುಡಕ್ಕ. ಒಂದಕ್ಸರಾನೂ ಬಿಡ್ಬೇಡ. ಮೇಡಮ್ಮೇ ಬರ್ದಿರೋದ್ನ ಮೇಡಮ್ಮೇ ತಪ್ಪು ಅಂತಾರಾ?’ ಎಂದಿದ್ದಳಂತೆ. ಆ ಮಗಳದ್ದಾದರೂ ತಪ್ಪೇನು? ಎಸ್ಸೆಸ್ಸೆಲ್ಸಿಯಿಂದ ಇಲ್ಲಿಯವರೆಗೆ ಅವಳು ಪಾಸಾಗಿದ್ದೇ ಹಾಗೆ. ತನಗೆ ಗೊತ್ತಿದ್ದ ಒಂದೇ ಒಂದು ದಾರಿಯನ್ನು ಪ್ರೀತಿಯಿಂದ ತೋರಿಸಿದ್ದಳು.

ಎರಡನೆಯ ಟೆಸ್ಟ್ ಮುಗಿದ ಮಾರನೆಯ ದಿನ ನನ್ನನ್ನು ಕರೆಸಿದರು. ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು, ಚಿಕ್ಕ ವಯಸ್ಸು, ಬಹಳ ಪೊಲೈಟ್. ಇನ್ನೊಬ್ಬರು ಹೊರದೇಶದ ಮಕ್ಕಳ ಉಸ್ತುವಾರಿಯ ಮೇಷ್ಟ್ರು, ಬಿಂಡಿಗನವಿಲೆಯವರು. ಪರೀಕ್ಷಕರು ಅವಳ ಹಾಳೆಯನ್ನು ನನ್ನ ಮುಂದೆ ತಳ್ಳಿದರು.

‘ಮ್ಯಾಮ್, ಬೆಳಗೊಳದ ನಾಲೆ ಸುಡಾನ್‌ಗೆ ಯಾವಾಗ ಹೋಯ್ತು?’

ನಾನು ಓದಿದೆ. ನನ್ನ ಅಜ್ಜಿ, ನನ್ನ ಬಾವಿ, ನನ್ನ ಸೀಬೆಮರ, ಎಲ್ಲ ಅವಳ ದುಂಡಗಿನ ಅಕ್ಷರದಲ್ಲಿ. ಒಂದು ಕಾಮಾ ಕೂಡ ಆಚೀಚೆ ಆಗಿರಲಿಲ್ಲ.

‘ಕಟ್ಟೆ ನೀರು ನಮ್ಮ ನಾಗಮಂಗಲದ ಹೊಲಕ್ಕೇ ಹತ್ಲಿಲ್ಲ ಸಾರ್, ಸುಡಾನ್‌ಗೆ ಹೋಗ್ಬುಟ್ಟೈತೆ ನೋಡಿ’ ಎಂದು ಮೇಷ್ಟ್ರು ನಕ್ಕರು. ಪರೀಕ್ಷಕರು ನಗದಿದ್ದದ್ದು ನೋಡಿ ಗಂಟಲು ಸರಿಮಾಡಿಕೊಂಡರು. ‘ಅಲ್ಲ ಸಾರ್, ಬೈಹಾರ್ಟ್ ಮಾಡ್ದೆ ಪಾಸಾಗಿರೋರು ಈ ಕಡೆ ಯಾರವ್ರೆ ಹೇಳಿ? ಹಸುವಿನ ಮೇಲೆ ಪ್ರಬಂಧ ಅಂದ್ರೆ ನಾವು ಮೇಷ್ಟ್ರು ಬರ್ಸಿದ್ದ ಹಸುನೇ ಬರೀತಿದ್ದೊ. ನಮ್ಮಟ್ಟಿಲಿ ಇದ್ದಿದ್ದು ಬರೀ ಕುರಿ.’

‘ಈಗಿನ ರೂಲ್ ಪ್ರಕಾರ ಇದು ಕಾಪಿ, ಸರ್. ಮಾಲ್‌ಪ್ರಾಕ್ಟೀಸ್.’

ನಾನು ಆಗ ನನ್ನ ಕಾನ್ವೆಂಟಿನ ಕತೆ ಹೇಳಿದೆ. ಮೈಸೂರಿನಲ್ಲಿ ಸಿಸ್ಟರ್ ಒಬ್ಬರು ‘ಕಡಲ ತೀರದಲ್ಲಿ ಒಂದು ದಿನ’ ಎಂದು ಕಾಂಪೊಸಿಷನ್ ಬರೆಸಿದ್ದರು. ಬೆಳಗೊಳದ ಹುಡುಗಿ ನಾನು, ಕಂಡದ್ದು ಕಟ್ಟೆಯ ಹಿನ್ನೀರು ಮಾತ್ರ. ಸಿಸ್ಟರ್ ಹೇಳಿದ್ದ ಐರ್ಲೆಂಡಿನ ಕಡಲು, ಕಲ್ಲುಬಂಡೆ, ಬಿಳಿ ಹಕ್ಕಿ ಎಲ್ಲವನ್ನೂ ಹಾಗ್ಹಾಗೇ ಬರೆದೆ. ಸಿಸ್ಟರ್ ವೆರಿ ಗುಡ್ ಚೈಲ್ಡ್ ಎಂದು ಬೆಳ್ಳಿ ಕಾಗದದ ನಕ್ಷತ್ರ ಅಂಟಿಸಿದರು. ‘ಆ ನಕ್ಷತ್ರದಿಂದಲೇ ನಾನು ಇಂಗ್ಲಿಷ್ ಟೀಚರ್ ಆದದ್ದು’ ಎಂದೆ.

‘ಐ ಅಂಡರ್‌ಸ್ಟ್ಯಾಂಡ್, ಮ್ಯಾಮ್’ ಎಂದರು ಅವರು. ನಿಜಕ್ಕೂ ಅರ್ಥಮಾಡಿಕೊಂಡಿದ್ದರೋ ಏನೋ. ಹಾಳೆಯನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡು, ‘ಒಂದು ಕೆಲಸ ಮಾಡೋಣ. ಹುಡುಗಿಯನ್ನು ಕರೆಸಿ. ಇಲ್ಲೇ ನಮ್ಮೆದುರಿಗೆ ತನ್ನ ಅಜ್ಜಿಯ ಮನೆಯ ಬಗ್ಗೆ ಅರ್ಧ ಪುಟ ಬರೆಯಲಿ. ತಪ್ಪಿದ್ದರೂ ಪರವಾಗಿಲ್ಲ, ಪಾಸ್ ಮಾಡ್ತೀನಿ’ ಎಂದರು.

ನನ್ನ ಎದೆ ಹಗುರಾಯಿತು. ಅರ್ಧ ಪುಟ. ಅಷ್ಟು ಬರೆದರೆ ಅವಳು ನರ್ಸಿಂಗ್ ಕ್ಲಾಸಿನಲ್ಲಿ.

ಅವಳು ಬಂದು ಕೂತಳು. ಪರೀಕ್ಷಕರು ಮೆತ್ತಗೆ, ನಿಧಾನವಾಗಿ ಎಲ್ಲವನ್ನೂ ತಿಳಿಸಿದರು. ಅವಳು ಖಾಲಿ ಹಾಳೆಯನ್ನೇ ನೋಡುತ್ತಿದ್ದಳು. ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. ‘ಏನಾದರೂ ಬರಿ. ಗೋಡೆ ಇತ್ತು, ಬಾಗಿಲಿತ್ತು ಅಂತ ಬರಿ. ಸುಳ್ಳಾದರೂ ಬರಿ, ಮೈ ಚೈಲ್ಡ್.’

ಅವಳು ನನಗೇ ಹೇಳುವಂತೆ ಹೇಳಿದಳು, ತನ್ನ ಮುರುಕು ಇಂಗ್ಲಿಷಿನಲ್ಲಿ: ‘ಮೇಡಂ, ನಿಮ್ಮ ಅಜ್ಜಿಮನೆ ನಿಂತಿದೆ. ಅದಕ್ಕೆ ಯಾರು ಬೇಕಾದರೂ ಮಾರ್ಕ್ಸ್ ಹಾಕಬಹುದು. ನಮ್ಮದರ ಮೇಲೆ ಬಾಂಬು ಬಿತ್ತು. ಅಜ್ಜಿ, ತಂಗಿ ಇನ್ನೂ ಒಳಗೇ ಇದ್ದಾರೆ. ಯಾರೂ ಹೊರಗೆ ತೆಗೆದಿಲ್ಲ. ಅದನ್ನು ಬರೆದರೆ ಈ ಸರ್ ಹತ್ತಕ್ಕೆ ಎಷ್ಟು ಕೊಡುತ್ತಾರೆ?’

ಮೇಷ್ಟ್ರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಬೇರೆ ಟಾಪಿಕ್ ಕೊಡಿ, ಚಹಾ ಮಾಡುವುದು ಹೇಗೆ ಅಂತ ಬರೆಸಿ, ಎಮ್ಮೆಯ ಹಾಲು ಕರೆಯುವುದು ಹೇಗೆ ಅಂತ ಬರೆಸಿ ಎಂದು ನಾನು ಕೇಳಿಕೊಂಡೆ. ವಿಷಯ ಬದಲಿಸುವ ಅಧಿಕಾರ ತಮಗಿಲ್ಲ ಎಂದರು ಪರೀಕ್ಷಕರು. ಕೂತಲ್ಲಿಂದಲೇ ಬೆಂಗಳೂರಿಗೆ ಮೇಲ್ ಮಾಡಿದರು. ಕೆಟ್ಟ ಮನುಷ್ಯರಲ್ಲ. ಸಂಜೆಯ ಹೊತ್ತಿಗೆ ಉತ್ತರ ಬಂತು. ಒಬ್ಬರಿಗೆ ಬದಲಿಸಿದರೆ ಎಲ್ಲರಿಗೂ ಬದಲಿಸಬೇಕಾಗುತ್ತದೆ, ಸಾಧ್ಯವಿಲ್ಲ. ಸೀಟು ರದ್ದಾಯಿತು.

ಪಾಂಡವಪುರದ ಯಜಮಾನಿಗೆ ನಾನೇ ಹೋಗಿ ಹೇಳಿದೆ. ಅವಳು ಸಗಣಿ ಕೈಯಲ್ಲೇ ನೆಲಕ್ಕೆ ಕುಕ್ಕರಿಸಿದಳು.

‘ಸತ್ತೋರ್ನ ಕುರ್ತು ಬರಿ, ಆಗ ಪಾಸು ಅನ್ನೋದು ಅದ್ಯಾವ ಸೀಮೆ ಪರೀಕ್ಸೆ ಮೇಡಮ್ಮೋರೇ? ಓಗ್ಲಿ ಬುಡಿ. ರೂಮು ನಮ್ದು. ಮುದ್ದೆ ನಮ್ದು. ಮಗ ಇಲ್ಲೇ ಇರ್ಲಿ. ಯಾವ ಪೋಲೀಸ್ನೋನ್ ಬತ್ತಾನೋ ಬರ್ಲಿ, ನಾನ್ ಮಾತಾಡ್ತೀನಿ.’

‘ಹಾಗೆ ಇಟ್ಟುಕೊಳ್ಳಕ್ಕಾಗಲ್ಲಮ್ಮ, ಗವರ್ನಮೆಂಟ್ ರೂಲು’ ಎಂದೆ.

‘ನನ್ನಟ್ಟಿಲಿ ನಾನ್ ಇಟ್ಕೊಳ್ಳಕ್ಕೆ ಅದ್ಯಾರ್ದು ರೂಲು?’ ಎಂದಳು. ಅವಳ ಮಗಳು ಕೊಟ್ಟಿಗೆಯ ಕಂಬಕ್ಕೆ ಮುಖ ಆನಿಸಿಕೊಂಡು ನಿಂತಿದ್ದಳು. ನಾನು ಹತ್ತಿರ ಹೋಗಿ ಬೆನ್ನು ಸವರಿದರೆ ಕೊಸರಿಕೊಂಡು ಒಳಗೆ ಹೋದಳು.

ಹೊರಡುವ ಮೊದಲು ಹುಡುಗಿ ಕೇಳಿದ್ದು ಒಂದೇ. ಬೆಳಗೊಳದ ಮನೆಯನ್ನು ನೋಡಬೇಕು ಎಂದಳು. ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಹೋದೆವು. ನಾನೂ ಆ ಬೀದಿಗೆ ಕಾಲಿಟ್ಟು ಬಹಳ ಕಾಲವಾಗಿತ್ತು. ಮನೆ ಕೈಬದಲಾಗಿ, ಈಗ ಅಲ್ಲಿ ಬೇರೆ ಯಾರೋ ಸಂಸಾರ ಮಾಡುತ್ತಿದ್ದಾರೆ. ನಾವು ಬೀದಿಯಲ್ಲೇ ನಿಂತೆವು.

ಅವಳು ಪ್ರಬಂಧದ ಸಾಲುಗಳನ್ನು ಒಂದೊಂದಾಗಿ ಹೇಳುತ್ತಾ ಮನೆಯನ್ನು ನೋಡಿದಳು, ಅಂಗಡಿಯಿಂದ ತಂದ ಸಾಮಾನನ್ನು ತಾಳೆ ನೋಡುವ ಹಾಗೆ. ನಾಲೆ ಇತ್ತು. ಹೆಂಚು ಹೋಗಿ ಶೀಟು ಬಂದಿತ್ತು. ಜಗುಲಿ ಇತ್ತು, ಅಜ್ಜಿ ಕೂರುತ್ತಿದ್ದ ಕಡೆ ಸ್ಕೂಟರ್ ನಿಲ್ಲಿಸಿದ್ದರು. ಸೀಬೆಮರ ಕಾಣಲಿಲ್ಲ. ಅವಳು ತಟ್ಟನೆ ನಿಲ್ಲಿಸಿದಳು.

‘ಮೇಡಂ, ಬಾವಿ ಬಲಗಡೆ ಇದೆ.’

ನೋಡಿದೆ. ಕಲ್ಲುಚಪ್ಪಡಿ ಮುಚ್ಚಿದ ಬಾವಿ ಬಲಗಡೆಯೇ ಇತ್ತು. ಬಾವಿ ಜಾಗ ಬದಲಿಸುವುದಿಲ್ಲ. ಇಷ್ಟು ವರ್ಷ ನನ್ನ ತಲೆಯೊಳಗೆ ಅದು ಎಡಗಡೆ ಇತ್ತು.

‘ಹಾಗಾದರೆ ನಾನು ತಪ್ಪು ಬರೆದೆ’ ಎಂದು ಅವಳು ನಕ್ಕಳು. ಸೀಟು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ನಾಲೆಯ ಏರಿಯ ಮೇಲೆ ಬಸ್ಸಿಗೆ ಕಾಯುತ್ತಾ ಕೂತಾಗ ಅವಳಾಗಿಯೇ ತನ್ನ ಅಜ್ಜಿಯ ಮನೆಯನ್ನು ಹೇಳತೊಡಗಿದಳು. ಇಂಗ್ಲಿಷ್, ಅರೇಬಿಕ್, ನಡುನಡುವೆ ಆ ಯಜಮಾನಿಯ ಕನ್ನಡ. ಎಲ್ಲಿ ಏನಿತ್ತು, ಯಾರು ಎಲ್ಲಿ ಮಲಗುತ್ತಿದ್ದರು, ಸಂಜೆ ಯಾವ ಗೋಡೆಯ ಮೇಲೆ ಬಿಸಿಲು ಬೀಳುತ್ತಿತ್ತು, ಎಲ್ಲ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಪದ ಸಿಗದ ಕಡೆ ಕೈಯಲ್ಲಿ ತೋರಿಸಿದಳು. ಅರ್ಧ ಪುಟವಲ್ಲ, ಎಷ್ಟೋ ಪುಟಗಳಷ್ಟು. ಮಾರ್ಕ್ಸಿಗೆ ಕೊಡಲು ಒಪ್ಪದಿದ್ದದ್ದನ್ನು ಅವಳು ನನಗೆ ಕೊಟ್ಟಳು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ.

ಅದೇ ವಾರ ಅವಳು ಕೈರೋಗೆ ಹೋದಳು. ಯಜಮಾನಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದಳಂತೆ. ಬ್ಯಾಗಿನ ತೂಕ ಹೆಚ್ಚಾಗಿ ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆಸಿಬಿಟ್ಟರೋ ಏನೋ, ನನಗೆ ಗೊತ್ತಾಗಲಿಲ್ಲ.

ಹೊಸ ಬ್ಯಾಚಿಗೂ ಅದೇ ವಿಷಯ ಬಂದಿದೆ. ನಾನು ಕ್ಲಾಸಿಗೆ ಹೋಗುತ್ತೇನೆ, ಬೋರ್ಡಿನ ಮೇಲೆ ಯಾರ ಮನೆಯನ್ನೂ ಬರೆಯುವುದಿಲ್ಲ. ಯಜಮಾನಿ ಆಗಾಗ ಫೋನ್ ಮಾಡುತ್ತಾಳೆ. ಎಮ್ಮೆ ಸರಿಯಾಗಿ ಸೊರ ಬಿಡುತ್ತಿಲ್ಲ, ಮಗಳು ನಿಂತು ಓದಿದರೆ ಒದೆಯಲು ಬರುತ್ತದೆ ಎನ್ನುತ್ತಾಳೆ. ಮಾತು ಮುಗಿಯುವ ಹೊತ್ತಿಗೆ ಅವಳು ಕೇಳುವುದು ಒಂದೇ.

‘ಆ ಮಗ ಏನಾರ ಫೋನ್ ಮಾಡಿತ್ತಾ ಮೇಡಮ್ಮೋರೇ?’

‘ಇಲ್ಲಮ್ಮ’ ಎನ್ನುತ್ತೇನೆ.

‘ಮಾಡ್ತದೆ ಬುಡಿ’ ಎನ್ನುತ್ತಾಳೆ. ಮೇಲಿನ ಕೋಣೆಯನ್ನು ಇನ್ನೂ ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ.