ಕತ್ತಿನ ನಾಳದಲ್ಲಿ ಕೂತಿದ್ದ ಭಯ

ಕೇಕಿನ ಮೇಲೆ ‘ಅನ’ ಅಂತ ಬರೆದ ಫಿಲೋಮಿನಾಳ ಕೈ ಅಲ್ಲಿಗೇ ನಿಂತಿತು. ಮುಂದೆ ‘ನ್ಯ’ ಬರಬೇಕಿತ್ತು. ಬದಲಿಗೆ ಗುಲಾಬಿ ಬಣ್ಣದ ಐಸಿಂಗ್ ಗೆರೆಯೊಂದು ಜಾರಿ, ಕೇಕಿನ ಅಂಚು ದಾಟಿ, ಟೇಬಲ್ಲಿನ ಮೇಲೆ ಹರಿಯಿತು.

ಫಿಲೋಮಿನಾ ನನ್ನ ಹಳೆಯ ಸ್ನೇಹಿತೆ. ಪುಲಿಕೇಶಿನಗರದ ತನ್ನ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ನಮ್ಮಿಬ್ಬರನ್ನೂ ಹತ್ತಿರ ತಂದದ್ದು ಬಿಪಿ. (ಈ ವಯಸ್ಸಿನಲ್ಲಿ ಸ್ನೇಹಕ್ಕೆ ಬೇರೆ ಇನ್ನೇನು ಬೇಕು?) ಹೋದ ತಿಂಗಳು ತಂಗಿಯ ಮೊಮ್ಮಗಳ ಹುಟ್ಟುಹಬ್ಬಕ್ಕೆ ಕೇಕ್ ತರಲು ಹೋಗಿದ್ದೆ.

“ಏನಾಯ್ತೇ?” ಅಂದೆ.

ಅವಳು ಏನೋ ಹೇಳಿದಳು. ಅದು ಕನ್ನಡವಲ್ಲ, ತಮಿಳಲ್ಲ, ಇಂಗ್ಲಿಷೂ ಅಲ್ಲ. ತುಟಿಯ ಒಂದು ಬದಿ ಜೋತುಬಿದ್ದಿತ್ತು. ಕೈಯಲ್ಲಿದ್ದ ಐಸಿಂಗ್ ಕೋನ್ ನೆಲಕ್ಕೆ ಬಿತ್ತು. ಅವಳು ಅದನ್ನೇ ನೋಡುತ್ತಾ ನಿಂತಳು, ಅದು ಬೇರೆ ಯಾರದೋ ಕೈಯಿಂದ ಬಿದ್ದಿದೆ ಎಂಬಂತೆ.

ನಾನು ಫೋನ್ ಹುಡುಕುವಷ್ಟರಲ್ಲಿ ಎಲ್ಲ ಸರಿಹೋಯಿತು! ಮುಖ ನೆಟ್ಟಗಾಯಿತು. ಮಾತು ವಾಪಸ್ ಬಂತು.

“ಯಾಕ್ ಮಾ ಹಂಗ್ ನೋಡ್ತೀಯ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ತಲೆ ಸುತ್ತಿರ್ಬೇಕು. ಕೂತ್ಕೋ, ಇನ್ನೊಂದು ಸಲ ಬರೀತೀನಿ.”

“ಕೇಕ್ ಹಾಳಾಗ್ ಹೋಗ್ಲಿ. ನಡಿ ಆಸ್ಪತ್ರೆಗೆ.”

“ಅಯ್ಯೋ, ಎರಡು ಆರ್ಡರ್ ಬಾಕಿ ಇದೆ ಮಾ!”

ಎಳೆದುಕೊಂಡೇ ಹೋಗಿ ಆಟೋ ಹತ್ತಿಸಿದೆ. ದಾರಿಯುದ್ದಕ್ಕೂ ನನ್ನನ್ನು ಬೈದಳು. ಬೈಗುಳ ಸ್ಪಷ್ಟವಾಗಿದೆಯಲ್ಲ ಅಂತ ನಾನು ಪ್ರತಿ ಶಬ್ದಕ್ಕೂ ಕಿವಿಕೊಟ್ಟು ಕೂತಿದ್ದೆ.

ಆಸ್ಪತ್ರೆಯಲ್ಲಿ ಕತ್ತಿನ ಸ್ಕ್ಯಾನ್ ಮಾಡಿದರು. ರಕ್ತ ತೆಗೆದರು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. “ಮೆದುಳಿಗೆ ರಕ್ತ ಹೋಗೋ ನಾಳ ಕತ್ತಲ್ಲೇ ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ರೆ ನಾಳದ ಒಳಗೋಡೆ ಹಾಳಾಗುತ್ತೆ. ಅಲ್ಲಿ ಕೊಬ್ಬು ಕೂರುತ್ತೆ. ಅದರದ್ದೇ ಒಂದು ಚೂರು ಕಿತ್ಕೊಂಡು ಮೇಲೆ ಹೋಗಿದೆ. ಪುಣ್ಯಕ್ಕೆ ತಾನಾಗೇ ಕರಗಿದೆ. ಇನ್ನೊಂದು ಸಲ ಕರಗುತ್ತೆ ಅಂತ ಹೇಳಕ್ಕಾಗಲ್ಲ.”

ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿತ್ತು. ಸಿಆರ್‌ಪಿ ಕೂಡ. ಮೈಯೊಳಗೆ ಎಲ್ಲೋ ಉರಿಯೂತ ಇದೆ ಎನ್ನುವ ಸೂಚನೆಯಂತೆ ಅದು. ಇಷ್ಟೆಲ್ಲ ಒಳಗೆ ನಡೆಯುತ್ತಿದ್ದರೂ ಹೊರಗೆ ಒಂದು ತಲೆನೋವೂ ಇರಲಿಲ್ಲ.

ಮಾರನೆಯ ದಿನ, ಕತ್ತಿನ ನಾಳ ತೆರೆದು ಕೊಬ್ಬು ತೆಗೆಯುವ ಆಪರೇಷನ್‌ಗೆ ತಯಾರಿ ನಡೆಯುತ್ತಿದ್ದಾಗಲೇ, ಎರಡನೆಯ ಹೊಡೆತ ಬಿತ್ತು. ಅವಳ ಗಂಡ ಅಂತೋನಿ ಇಡ್ಲಿ ತಿನ್ನಿಸುತ್ತಿದ್ದರಂತೆ. ಅವಳ ಬಾಯಿ ಅಗಿಯುವುದನ್ನೇ ನಿಲ್ಲಿಸಿತಂತೆ. ನರ್ಸ್‌ಗಳು ಓಡಿಬಂದರು, ಮಂಚವನ್ನೇ ತಳ್ಳಿಕೊಂಡು ಓಡಿದರು. ನಾನು ಹೋದಾಗ ಅಂತೋನಿ ಕಾರಿಡಾರಿನಲ್ಲಿ ಇಡ್ಲಿ ತಟ್ಟೆ ಹಿಡಿದೇ ನಿಂತಿದ್ದರು. ಯಾರೋ ಇಸಿದುಕೊಳ್ಳುವವರೆಗೆ ಅದನ್ನು ಕೆಳಗಿಡಬೇಕೆಂದು ಅವರಿಗೆ ಹೊಳೆದಿರಲಿಲ್ಲ.

“ನನ್ನ ಹೆಸರು ಕೇಳ್ದೆ ರೀ. ಅವಳಿಗೆ ಹೇಳಕ್ಕೆ ಆಗ್ಲಿಲ್ಲ” ಅಂದರು.

ಇದೆಲ್ಲ ನಡೆಯುತ್ತಿದ್ದಾಗ ನನ್ನ ಕೈ ನನ್ನದೇ ಕತ್ತಿನ ಮೇಲಿತ್ತು. ನನಗೂ ಬಿಪಿ ಅಲ್ಲವೇ? ಅವಳಷ್ಟೇ ವರ್ಷಗಳಿಂದ ಅಲ್ಲವೇ? ಅದೇ ವಾರ ಇಂದಿರಾನಗರದಲ್ಲಿ ನಾನೂ ಸ್ಕ್ಯಾನ್ ಮಾಡಿಸಿಕೊಂಡೆ. ಕತ್ತಿಗೆ ತಣ್ಣನೆಯ ಜೆಲ್ ಸವರಿ ಮಷೀನು ಒತ್ತಿದಾಗ, ನನ್ನ ರಕ್ತದ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ಭುಸ್, ಭುಸ್. ಬದುಕಿಡೀ ಒಳಗೇ ಇದ್ದ ಸದ್ದು. ಯಾರೋ ಬೆನ್ನಟ್ಟಿ ಬರುತ್ತಿರುವ ಹಾಗಿತ್ತು.

ಪರೀಕ್ಷೆ ಮಾಡುತ್ತಿದ್ದಾತ ಒಂದು ಕಡೆ ಬಂದವನೇ ಪರದೆಯತ್ತ ಬಾಗಿದ. ಮತ್ತೆ ಅಲ್ಲೇ ಒತ್ತಿದ.

“ಏನ್ರೀ? ಏನಿದೆ ಅಲ್ಲಿ?”

“ಡಾಕ್ಟರ್ ಹೇಳ್ತಾರೆ ಮೇಡಂ.”

ಆ ಒಂದು ವಾಕ್ಯಕ್ಕಿಂತ ಭಯಾನಕವಾದದ್ದು ಕನ್ನಡದಲ್ಲಿ ಇನ್ನೊಂದಿದೆಯೇ?

ಡಾಕ್ಟರ್ ಹೇಳಿದರು. ನಾಳದ ಗೋಡೆ ದಪ್ಪಗಾಗಿದೆ. ಮುಚ್ಚಿಲ್ಲ, ಇನ್ನೂ. (ಆ ‘ಇನ್ನೂ’ ಈಗ ನನ್ನ ಜೊತೆಯಲ್ಲೇ ಊಟಕ್ಕೆ ಕೂರುತ್ತದೆ.) ಮಾತ್ರೆ ಹೆಚ್ಚಿಸಿದ್ದಾರೆ. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿದೆ.

ಫಿಲೋಮಿನಾ ಮನೆಗೆ ಬಂದಿದ್ದಾಳೆ. ಕತ್ತಿನಲ್ಲಿ ಹೊಲಿಗೆಯ ಗೆರೆಯಿದೆ. ಮಾತು ಬಂದಿದೆ, ಅಂತೋನಿಯ ಹೆಸರೂ ಬಂದಿದೆ. ಬಲಗೈಯ ಬೆರಳುಗಳು ಮಾತ್ರ ಪೂರ್ತಿ ಮಾತು ಕೇಳುತ್ತಿಲ್ಲ. ಆಸ್ಪತ್ರೆಯಲ್ಲೇ ಇದ್ದದ್ದರಿಂದ ಇಷ್ಟಾದರೂ ಉಳಿಯಿತು ಅಂತಾರೆ ಡಾಕ್ಟರು. ಅವಳು ಮನೆಯಲ್ಲೇ ಕೂತು ಎರಡನೆಯ ಆರ್ಡರ್ ಮುಗಿಸುತ್ತಿದ್ದರೆ? ಆ ಯೋಚನೆ ಬಂದಾಗಲೆಲ್ಲ, ಇವತ್ತಿನ ಮಾತ್ರೆ ತಗೊಂಡೆನಾ ಅಂತ ಡಬ್ಬಿ ತೆರೆದು ನೋಡುತ್ತೇನೆ.

ಮೊನ್ನೆ ನಮ್ಮ ಜೀವನ್ ಬಿಮಾ ನಗರದ ಪಾರ್ಕಿನಲ್ಲಿ ಪಕ್ಕದ ಮನೆಯ ರಾಯರು ಸಿಕ್ಕಿದ್ದರು. “ಬಿಪಿ ಮಾತ್ರೆ ಬಿಟ್ಬಿಟ್ಟೆ ಕಣ್ರೀ, ಈಗ ಆರಾಮಾಗಿದ್ದೀನಿ” ಅಂತ ಎದೆಯುಬ್ಬಿಸಿದರು.

ಆರಾಮಾಗಿದ್ದೀರಿ ಅಂತ ನಿಮಗೆ ಹೇಳಿದವರು ಯಾರು ರಾಯರೇ?