ದೋನ್ಯಾ ತೋಮಾಸಾ ಒಲೆ ಇದ್ದ ಮೂಲೆ

ನಮ್ಮ ಮನಾಗುವಾ ಊರಿಗೆ ಹೊಸಬರಾ? ಹಾಗಾದ್ರೆ ಟ್ಯಾಕ್ಸಿ ಹತ್ತೋ ಮುಂಚೆ ಎರಡು ಮಾತು ಕಲ್ತುಬಿಡಿ. ಒಂದು, ಇಲ್ಲಿ ಬೀದಿ ಹೆಸರು, ಮನೆ ನಂಬರು ಹಿಡ್ಕೊಂಡು ಅಲೆದ್ರೆ ಕಾಲು ಸವೆಯುತ್ತೆ ಅಷ್ಟೆ. ಭೂಕಂಪದಲ್ಲಿ ಊರೇ ಬಿದ್ದುಹೋಯ್ತು, ನಾವು ಮಾತ್ರ ಬಿದ್ದುಹೋದದ್ದನ್ನೇ ಹಿಡಿದು ದಾರಿ ಹೇಳ್ತೀವಿ. ‘ಟಾಕೀಸ್ ಇದ್ದಲ್ಲಿಂದ ಸರೋವರದ ಕಡೆ ಎರಡು ಬೀದಿ, ಅಲ್ಲಿಂದ ಮೇಲಕ್ಕೆ ಒಂದು.’ ಮೇಲಕ್ಕೆ ಅಂದ್ರೆ ಸೂರ್ಯ ಹುಟ್ಟೋ ದಿಕ್ಕು. ಆ ಟಾಕೀಸ್ ಕಂಡವರು ಯಾರೂ ಉಳಿದಿಲ್ಲ, ಅದು ಬೇರೆ ಮಾತು. ಎರಡನೇದು, ಒಂದೇ ಟ್ಯಾಕ್ಸಿಗೆ ಗುರುತಿಲ್ಲದ ನಾಲ್ಕು ಜನ ಹತ್ತುತ್ತಾರೆ. ಕಿಟಕಿಗೆ ಬಗ್ಗಿ ಎಲ್ಲಿಗೆ ಅಂತ ಹೇಳ್ಬೇಕು. ಮೊದಲು ಹತ್ತಿದವರ ದಾರಿಗೆ ಹೊಂದಿದ್ರೆ ಸರಿ, ಇಲ್ಲಾಂದ್ರೆ ನಾವು ಡ್ರೈವರ್‌ಗಳು ತಲೆ ಅಲ್ಲಾಡಿಸಿ ಹೊರಟುಬಿಡ್ತೀವಿ. ಬೇಜಾರು ಮಾಡ್ಕೋಬಾರದು.

ಈ ಎರಡು ಪದ್ಧತಿ ಇಟ್ಕೊಂಡೇ ದೋನ್ಯಾ ತೋಮಾಸಾ ಸೇಡು ತೀರಿಸ್ಕೊಂಡ್ರು. ಹೇಳ್ತೀನಿ ಕೇಳಿ.

ದೋನ್ಯಾ ಅಂದ್ರೆ ನಮ್ಮಲ್ಲಿ ‘ಅಮ್ಮಾವ್ರು’ ಅಂದ ಹಾಗೆ, ಮರ್ಯಾದೆ ಮಾತು. ಅವರು ಗಂಡ ಸತ್ತ ಹೆಂಗಸು. ಗುಲ್‌ಮೊಹರ್ ಮರದ ಕೆಳಗೆ, ಬೀದಿ ಮೂಲೇಲಿ ಇಟ್ಟಿಗೆ ಒಲೆ ಹೂಡಿ, ದಿನಾ ಸಂಜೆ ಕೆಂಡದ ಮೇಲೆ ಮಾಂಸ ಸುಡೋರು. ಬಾಳೆ ಎಲೆ ಮೇಲೆ ಅವರೆಕಾಳು ಕಲಸಿದ ಅನ್ನ, ಕರಿದ ಬಾಳೆಕಾಯಿ, ಹುಳಿ ಹಾಕಿದ ಎಲೆಕೋಸು. ನಮ್ಮ ಟ್ಯಾಕ್ಸಿಯವರಿಗೆಲ್ಲ ಅದೇ ಊಟ. “ತಿನ್ನೋ ಕತ್ತೆ, ಬರೀ ಎಲುಬು ಆಗಿದೀಯ,” ಅಂತ ಬೈದುಕೊಂಡೇ ಇನ್ನೊಂದು ತುಂಡು ಹಾಕೋರು.

ಆ ಮೂಲೆ ಹಿಂದಿನ ಜಾಗ ಕೊಂಡವನು ಎವೆನೋರ್, ಔಷಧಿ ಅಂಗಡಿಯವನು. ಅಂಗಡಿ ಕಟ್ಟುವಾಗ ದೋನ್ಯಾ ಮನೆಗೇ ಬಂದು, ಮಾತೆ ಮರಿಯಳ ಪೀಠದ ಮುಂದೆ ಕೈ ಇಟ್ಟು ಆಣೆ ಮಾಡಿದ: “ನಿಮ್ಮ ಒಲೆ ಇದ್ದಲ್ಲೇ ಇರುತ್ತೆ.” ನಂಬಿದ್ರು. ಶುಭ ಶುಕ್ರವಾರ ಅವರು ಒಲೆ ಹಚ್ಚಲ್ಲ, ಮೆರವಣಿಗೆಗೆ ಹೋಗ್ತಾರೆ. ಪಾಪಿ, ಅದೇ ದಿನ ನೋಡ್ಕೊಂಡು ಒಲೆ ಒಡೆಸಿದ. ಮರಾನೂ ಕಡಿಸಿದ. ವಾಪಸ್ ಬಂದ್ರೆ ಇಟ್ಟಿಗೆ ಎಲ್ಲ ಚರಂಡೀಲಿ.

“ನಿನ್ನ ಹೊಗೆಗೆ ನನ್ನ ಗಿರಾಕಿಗಳು ಕೆಮ್ತಾರೆ, ಮುದುಕಿ. ಮನೇಲಿ ಬಿದ್ಕೋ,” ಅಂದ. “ಈ ಮೂಲೆಗೆ ಇನ್ನು ನನ್ನ ಹೆಸರು. ವರ್ಷ ಕಳೆದ್ರೆ ನಿನ್ನ ಹೆಸರು ನಾಯಿಗೂ ನೆನಪಿರಲ್ಲ.”

ಅನ್ನ ಹಾಕಿದ ಕೈಗೆ ಹೀಗಂದ್ರೆ ಮೈ ಉರಿಯಲ್ವಾ? ಹೋಗಿ ಅವನ ಹಲ್ಲು ಉದುರಿಸೋಣ ಅಂತ ಹೊರಟೆ. ದೋನ್ಯಾ ಬಿಡಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನೆಟ್ಟಗೆ ಟ್ಯಾಕ್ಸಿ ನಿಲ್ಲೋ ಕಡೆ ಬಂದ್ರು.

“ನನ್ನ ಕೈ ಅಡುಗೆ ತಿಂದವರು ಯಾರ್ಯಾರ್ರೋ?”

ಎಲ್ಲರೂ ಕೈ ಎತ್ತಿದ್ವಿ.

“ಹಾಗಾದ್ರೆ ಯಾರಾದ್ರೂ ಅವನ ಅಂಗಡಿ ಹೆಸರು ಹೇಳಿದ್ರೆ ತಲೆ ಅಲ್ಲಾಡಿಸಿ. ‘ದೋನ್ಯಾ ತೋಮಾಸಾ ಒಲೆ ಇದ್ದಲ್ಲಿಗೆ’ ಅಂದ್ರೆ ಮಾತ್ರ ಬಾಗಿಲು ತೆಗೀರಿ. ಕಾಯಿಲೆಯವರನ್ನ ಸತಾಯಿಸಬೇಡಿ, ನೀವೇ ಹೇಳಿಕೊಡಿ. ಆದ್ರೆ ಅವನ ಬಾಯಲ್ಲೂ ಅದು ಬರಬೇಕು. ಅಷ್ಟಾದ್ರೆ ನಾನು ಕಣ್ಣು ಮುಚ್ಚೋಕೆ ತಯಾರು.”

ಊರು ಕಲ್ತುಬಿಡ್ತು. ಬೀಗರನ್ನ ಕರೆಯೋರು, ಬಾಡಿಗೆ ಮನೆ ತೋರಿಸೋರು, ಎಲ್ಲರ ಬಾಯಲ್ಲೂ ಆ ಒಲೆಯೇ. ಎವೆನೋರ್ ದೀಪದ ಬೋರ್ಡ್ ಹಾಕಿಸಿದ, ಆಮೇಲೆ ಅದಕ್ಕಿಂತ ದೊಡ್ಡದು ಹಾಕಿಸಿದ. ಯಾವನು ಕೇಳ್ತಾನೆ? ಅವನ ಅಂಗಡಿ ಹುಡುಗೀರೇ ಫೋನಲ್ಲಿ, ಯಜಮಾನ ಇಲ್ಲದಾಗ, “ಒಲೆ ಇದ್ದಲ್ಲಿಗೆ ಬನ್ನಿ” ಅನ್ನೋರು. ಅವನೊಬ್ಬ ಮಾತ್ರ ಬಾಯಿ ಬಿಡಲಿಲ್ಲ.

ಅಕ್ಟೋಬರ್ ಮಳೆ ಒಂದು ಮಧ್ಯಾಹ್ನ ಹೇಗೆ ಸುರೀತು ಅಂದ್ರೆ, ಬೀದಿ ಹೊಳೆ ಆಗಿ ಎವೆನೋರನ ಕಾರು ನೀರಲ್ಲಿ ಕೆಟ್ಟು ನಿಂತಿತ್ತು. ಮುಂದೆ ಹೋದ ಟ್ಯಾಕ್ಸಿಯವರೆಲ್ಲ ತಲೆ ಅಲ್ಲಾಡಿಸಿ ಹೋಗ್ತಿದ್ರು. ನಾನು ನಿಲ್ಲಿಸಿದೆ. ನನ್ನ ಪಕ್ಕದ ಸೀಟಲ್ಲಿ ತಲೆಗೆ ಟವೆಲ್ ಹೊದ್ದು ದೋನ್ಯಾ ಕೂತಿದ್ರು. ಈಗ ಮನೆ ಅಂಗಳದಲ್ಲೇ ಸುಡ್ತಿದ್ರು, ಅದಕ್ಕೆ ಮಾಂಸ ತರೋಕೆ ಮಾರ್ಕೆಟ್ಟಿಗೆ ಹೊರಟಿದ್ರು.

“ಎವೆನೋರ್ ಔಷಧಿ ಅಂಗಡಿಗೆ,” ಅಂದ, ನನ್ನ ಕಿಟಕಿಗೆ ಬಗ್ಗಿ.

“ಗೊತ್ತಿಲ್ವಲ್ಲ ಸ್ವಾಮಿ. ಅಲ್ಲಿ ಮುಂಚೆ ಏನಿತ್ತು?”

ಹಲ್ಲು ಕಡಿದ. ಮೂಗಿನ ತುದಿಯಿಂದ ಮಳೆ ನೀರು ತೊಟ್ಟಿಕ್ತಿತ್ತು. ಆಮೇಲೆ ಗೊಣಗಿದ: “ತೋಮಾಸಾ ಒಲೆ ಇದ್ದಲ್ಲಿಗೆ.”

ದೋನ್ಯಾ ಟವೆಲ್ ಸರಿಸಿದ್ರು. “ಮಳೆ ಸದ್ದಿಗೆ ಕೇಳಿಸ್ಲಿಲ್ಲಪ್ಪಾ. ಪೂರ್ತಿ ಹೆಸರು ಹೇಳು, ಜೋರಾಗಿ.”

ಅವನ ಮುಖದಲ್ಲಿ ರಕ್ತ ಇಲ್ಲದಂಗಾಯ್ತು. ಹಿಂದೆ ನೋಡಿದ, ಬೇರೆ ಟ್ಯಾಕ್ಸಿ ಇಲ್ಲ. ಮೊಣಕಾಲಿಗೆ ನೀರು ಬಂದಿತ್ತು.

“ದೋನ್ಯಾ ತೋಮಾಸಾ ಒಲೆ ಇದ್ದಲ್ಲಿಗೆ!” ಅಂತ ಕಿರುಚಿ, ಹಿಂದಿನ ಬಾಗಿಲಿಗೆ ಕೈ ಹಾಕಿದ.

ದೋನ್ಯಾ ಅವನ ಮುಖಾನೇ ನೋಡ್ತಾ ನಿಧಾನಕ್ಕೆ ತಲೆ ಅಲ್ಲಾಡಿಸಿದ್ರು. “ನಮ್ಮ ದಾರಿ ಆ ಕಡೆ ಇಲ್ಲ.”

ಮೊದಲು ಹತ್ತಿದವರ ದಾರೀನೇ ದಾರಿ. ಗೇರ್ ಹಾಕಿದೆ. ಕನ್ನಡೀಲಿ ನೋಡ್ದೆ, ಚರಂಡಿ ನೀರಲ್ಲಿ ನಿಂತಿದ್ದ. ಅಬ್ಬಾ, ಹೊಟ್ಟೆ ತಣ್ಣಗಾಯ್ತು!

“ನಾಯಿಗೂ ನೆನಪಿರಲ್ಲ ಅಂದಿದ್ದ ಕಣೋ,” ಅಂದ್ರು ದೋನ್ಯಾ, ಟವೆಲ್ ಹಿಂಡ್ತಾ. “ಬೇಗ ಓಡಿಸು, ಒಳ್ಳೆ ಮಾಂಸ ಖಾಲಿಯಾಗುತ್ತೆ.”